ಆರ್‌ಸಿ ಮೇಲಿನ ಎಚ್‌ಪಿ, ಪಹಣಿಯ 11ನೇ ಕಾಲಂ

ಕೇಳುಗರಿಗೆಲ್ಲ ನಮಸ್ಕಾರ.

ಸಾಲ ಮಾಡಿ ತಂದ ಸ್ಕೂಟರೋ ಕಾರೋ ನಿಮ್ಮ ಮನೆಯಲ್ಲಿದ್ದರೆ ಅದರ ಆರ್‌ಸಿ ಒಮ್ಮೆ ತೆಗೆದು ನೋಡಿ. ಗಾಡಿ ಮೈಸೂರಿನ ಕೆಎ 09 ಇರಲಿ, 55 ಇರಲಿ, ಮಂಡ್ಯದ ಕೆಎ 11 ಇರಲಿ. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರಿದೆ. ಜೊತೆಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇದೆ. ಆ ಎರಡನೇ ಹೆಸರು ಅಲ್ಲಿ ಬಂದದ್ದು ಹೈಪಾಥಿಕೇಶನ್ ಎನ್ನುವ ವ್ಯವಸ್ಥೆಯಿಂದ. ಆರ್‌ಟಿಓ ಆಫೀಸಿನ ಸುತ್ತಮುತ್ತ ಇದನ್ನು ಎಚ್‌ಪಿ ಅಂತ ಎರಡಕ್ಷರಕ್ಕೆ ಇಳಿಸಿಬಿಟ್ಟಿದ್ದಾರೆ. 'ಗಾಡಿ ಮೇಲೆ ಎಚ್‌ಪಿ ಇದೆ', 'ಎಚ್‌ಪಿ ತೆಗೆಸಬೇಕು' ಅಂದರೆ ಕೆಲಸ ನಡೆಯುತ್ತದೆ. ಆದರೆ ಹಾಗಂದರೆ ನಿಜಕ್ಕೂ ಏನು?

ನಾನು ಬ್ಯಾಂಕಿನ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಈ ಮಾತು ಬಂದ ಕಡೆ ಒಂದು ಕನ್ನಡ ಪತ್ರದಲ್ಲಿ ಅಡಮಾನ ಅಂತಿರುತ್ತದೆ, ಇನ್ನೊಂದರಲ್ಲಿ ಗಿರವಿ, ಮತ್ತೊಂದರಲ್ಲಿ ಒತ್ತೆ. ಎಲ್ಲವೂ ನಮ್ಮ ಜನ ಬಲ್ಲ ಮಾತುಗಳೇ. ತೊಂದರೆ ಇರುವುದೂ ಅಲ್ಲೇ. ಗೊತ್ತಿರುವ ಮಾತನ್ನು ಓದಿದವರು ತಮಗೆ ಗೊತ್ತಿರುವ ಅರ್ಥವನ್ನೇ ತಗೊಳ್ಳುತ್ತಾರೆ. ಆ ಅರ್ಥ ನಂಬಿಕೊಂಡು ಸಹಿ ಹಾಕುತ್ತಾರೆ.

ಗಿರವಿ ಅಂದಕೂಡಲೇ ನಮಗೆ ನೆನಪಾಗುವುದು ಒಡವೆ. ಸರ ಕೊಡುತ್ತೀರಿ, ದುಡ್ಡು ಮತ್ತು ಚೀಟಿ ತಗೊಂಡು ಬರುತ್ತೀರಿ. ಸಾಲ ತೀರುವ ತನಕ ಸರ ಅವರ ಬೀರುವಿನಲ್ಲಿ. 1872ರ ಕರಾರು ಕಾಯ್ದೆ ಹೇಳುವ ಒತ್ತೆಯೂ ಇದೇ: ವಸ್ತು ಸಾಲ ಕೊಟ್ಟವರ ವಶದಲ್ಲಿರಬೇಕು. ಅಡಮಾನ ಬೇರೆ. ಅದು ಜಮೀನು, ಮನೆ, ಸೈಟುಗಳ ವಿಷಯ, ಅದರ ಕಾನೂನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿದೆ. ಹೈಪಾಥಿಕೇಶನ್ ಎರಡೂ ಅಲ್ಲ. ಇಲ್ಲಿ ಸ್ವತ್ತು ಚರ ಸ್ವತ್ತು, ಅಂದರೆ ಗಾಡಿ, ಯಂತ್ರ, ಸರಕು, ಬೆಳೆ. ವಸ್ತು ನಿಮ್ಮ ಕೈಯಲ್ಲೇ ಇರುತ್ತದೆ. ಒಡೆತನವೂ ನಿಮ್ಮದೇ. ಸಾಲ ತೀರುವ ತನಕ ಬ್ಯಾಂಕಿಗೆ ಅದರ ಮೇಲೆ ಒಂದು ಹಕ್ಕು ಇರುತ್ತದೆ, ಅಷ್ಟೇ.

ಇಂಥದ್ದೊಂದು ವ್ಯವಸ್ಥೆ ಯಾಕೆ ಬೇಕಾಯಿತು ಅನ್ನುವುದಕ್ಕೆ ಹಳೆಯ ರೋಮ್ ಕಡೆ ನೋಡಬೇಕು. ಅಲ್ಲಿ ಗುತ್ತಿಗೆಗೆ ಜಮೀನು ಮಾಡುವ ರೈತ ಗುತ್ತಿಗೆ ಹಣಕ್ಕೆ ಭದ್ರತೆ ಕೊಡಬೇಕಿತ್ತು. ಅವನ ಬಳಿ ಇದ್ದದ್ದು ದನ, ನೇಗಿಲು, ಸಾಮಾನು. ಅವನ್ನೇ ಜಮೀನುದಾರನ ವಶಕ್ಕೆ ಕೊಟ್ಟರೆ ಉಳುವುದು ಯಾವುದರಲ್ಲಿ? ಉಳದೆ ಗುತ್ತಿಗೆ ಕಟ್ಟುವುದು ಹೇಗೆ? ಹಾಗಾಗಿ ದನ ನೇಗಿಲು ರೈತನ ಹತ್ತಿರವೇ ಇರಲಿ, ಗುತ್ತಿಗೆ ಬಾರದಿದ್ದರೆ ಮಾತ್ರ ಅವುಗಳ ಮೇಲೆ ಜಮೀನುದಾರನಿಗೆ ಹಕ್ಕು ಎನ್ನುವ ಏರ್ಪಾಡು ಬಂತು. ಮಂಡ್ಯದಲ್ಲಿ ಸಾಲದ ಮೇಲೆ ಟ್ರ್ಯಾಕ್ಟರ್ ತಗೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರ್ ಓಡಿದರೆ ತಾನೇ ಕಂತು?

ಗಾಡಿಯ ಲೆಕ್ಕ ಸುಲಭ. ಒಂದೇ ವಸ್ತು, ಅದಕ್ಕೊಂದು ನಂಬರು. ಸರಕಿನ ವಿಷಯಕ್ಕೆ ಬಂದಾಗ ಇದು ನಿಜವಾಗಿ ಸ್ವಾರಸ್ಯದ ಮಾತು ಅನ್ನಿಸುತ್ತದೆ. ಕೆ.ಆರ್. ನಗರದಲ್ಲಿ ಒಂದು ರೈಸ್ ಮಿಲ್ ಇದೆ ಅಂತ ಇಟ್ಟುಕೊಳ್ಳಿ. ಮಿಲ್ಲಿನವರು ಬ್ಯಾಂಕಿನಲ್ಲಿ ಸಿಸಿ ಮಾಡಿಸಿಕೊಂಡಿದ್ದಾರೆ. ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಬಂದಾಗ ಕಟ್ಟುವ ಸಾಲದ ಖಾತೆ. ಅದಕ್ಕೆ ಭದ್ರತೆ ಗೋಡೌನಿನ ಭತ್ತ ಮತ್ತು ಅಕ್ಕಿ. ಬಾಗಿಲ ಪಕ್ಕ ಒಂದು ಬೋರ್ಡು, 'ಇಲ್ಲಿನ ಸರಕು ಇಂಥ ಬ್ಯಾಂಕಿಗೆ ಹೈಪಾಥಿಕೇಟ್ ಆಗಿದೆ' ಅಂತ. ಬೀಗದ ಕೈ ಮಾತ್ರ ಮಿಲ್ಲಿನವರ ಹತ್ತಿರವೇ. ಅದನ್ನು ಬ್ಯಾಂಕಿನವರು ಇಟ್ಟುಕೊಂಡರೆ ಅದು ಒತ್ತೆಯಾಯಿತು, ಹೈಪಾಥಿಕೇಶನ್ ಆಗಲಿಲ್ಲ.

ಪ್ರತಿ ತಿಂಗಳು ಮಿಲ್ಲಿನವರು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸರಕು 40 ಲಕ್ಷದ್ದು ಇದೆ, ಅದರಲ್ಲಿ ಭತ್ತ ಕೊಟ್ಟ ರೈತರಿಗೆ ಇನ್ನೂ 8 ಲಕ್ಷ ಕೊಡಬೇಕು ಅಂದುಕೊಳ್ಳಿ. ಉಳಿದದ್ದು 32 ಲಕ್ಷ. ಮಿಲ್ಲಿನವರ ಸ್ವಂತ ಪಾಲು 25 ಪರ್ಸೆಂಟ್ ಅಂತ ಕರಾರಾಗಿದ್ದರೆ 8 ಲಕ್ಷ ಕಳೆಯುತ್ತಾರೆ. ಆ ತಿಂಗಳು ಅವರು 24 ಲಕ್ಷದ ತನಕ ಹಣ ತೆಗೆಯಬಹುದು. ಲೆಕ್ಕ ಸರಿಯಿದೆಯಾ ಅಂತ ನೋಡಲು ಬ್ಯಾಂಕಿನವರು ಬರುತ್ತಾರೆ. ಒಟ್ಟಿದ ಮೂಟೆಗಳ ಮುಂದೆ ನಿಂತು ಉದ್ದಕ್ಕೆಷ್ಟು, ಅಗಲಕ್ಕೆಷ್ಟು, ಎತ್ತರಕ್ಕೆಷ್ಟು ಅಂತ ಎಣಿಸಿ ಗುಣಿಸುತ್ತಾರೆ. ನಡುವೆ ಪೊಳ್ಳು ಬಿಟ್ಟು ಹೊರಗಡೆ ಮಾತ್ರ ಮೂಟೆ ಒಟ್ಟಿದ್ದರೆ ಆ ಗುಣಾಕಾರಕ್ಕೆ ಬೆಲೆಯಿಲ್ಲ. ಹಾಗಾಗಿ ಬಲ್ಲ ಅಧಿಕಾರಿಗಳು ಮೂಟೆಗಳ ಮೇಲೆ ಹತ್ತಿ ನೋಡುತ್ತಾರೆ.

ಈ ತಿಂಗಳು ತೋರಿಸಿದ ಭತ್ತ ಮುಂದಿನ ತಿಂಗಳು ಅಕ್ಕಿಯಾಗಿ ಮಾರಿಹೋಗಿರುತ್ತದೆ. ಮಾರಲೇಬೇಕು, ಮಾರದಿದ್ದರೆ ವ್ಯಾಪಾರವೇ ಇಲ್ಲ. ಬಂದ ಹಣವನ್ನು ಅದೇ ಖಾತೆಗೆ ಕಟ್ಟಬೇಕು. ಹಳೆ ಮೂಟೆ ಹೋದ ಜಾಗಕ್ಕೆ ಹೊಸ ಮೂಟೆ ಬಂತಲ್ಲ, ಬ್ಯಾಂಕಿನ ಹಕ್ಕು ಈಗ ಅದರ ಮೇಲೆ. ಸಾಲ ವಸೂಲಿಗೆ ಸಂಬಂಧಿಸಿದ 2002ರ ಸರ್ಫೇಸಿ ಕಾಯ್ದೆ ಹೈಪಾಥಿಕೇಶನ್ನಿನ ಅರ್ಥ ಹೇಳುವಾಗ ಈಗ ಇರುವ ಚರ ಸ್ವತ್ತು, ಮುಂದೆ ಬರುವ ಚರ ಸ್ವತ್ತು ಎರಡನ್ನೂ ಸೇರಿಸಿದೆ. ಸ್ವಾಧೀನ ಬಿಟ್ಟುಕೊಡುವುದಿಲ್ಲ ಅನ್ನುವುದನ್ನೂ ಹೇಳಿದೆ. ಇನ್ನೂ ಬಾರದ ವಸ್ತುವಿನ ಮೇಲಿನ ಹಕ್ಕನ್ನು ಗಿರವಿ ಎಂಬ ಮಾತಿನಲ್ಲಿ ಹಿಡಿಯುವುದು ಸಾಧ್ಯವೇ ಇಲ್ಲ. ಇಲ್ಲದ ಸರವನ್ನು ಯಾರು ತಾನೇ ಗಿರವಿ ಇಟ್ಟುಕೊಳ್ಳುತ್ತಾರೆ?

ಬೆಳೆ ಸಾಲವೂ ಹೀಗೇ. ಕಬ್ಬಿಗೋ ಭತ್ತಕ್ಕೋ ಸಾಲ ಕೊಡುವಾಗ ಬ್ಯಾಂಕು ಬೆಳೆಯನ್ನೇ ಹೈಪಾಥಿಕೇಶನ್ ಮಾಡಿಸಿಕೊಳ್ಳುತ್ತದೆ. ಸಹಿ ಹಾಕುವ ದಿನ ಗದ್ದೆ ಇನ್ನೂ ಖಾಲಿ ಇರಬಹುದು. ರಿಸರ್ವ್ ಬ್ಯಾಂಕ್ ನಿಯಮದಂತೆ 2025ರ ಜನವರಿಯಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಜಮೀನಿನ ಭದ್ರತೆ ಕೇಳುವಂತಿಲ್ಲ. ಮೊದಲು ಈ ಮಿತಿ 1 ಲಕ್ಷ 60 ಸಾವಿರ ಇತ್ತು. ಅಂಥ ಸಾಲದ ಪತ್ರದಲ್ಲಿ ಬೆಳೆಯ ಹೈಪಾಥಿಕೇಶನ್ ಅನ್ನುವ ಕಡೆ 'ಅಡಮಾನ' ಅಂತ ಬರೆದರೆ ರೈತರು ಏನಂದುಕೊಳ್ಳಬೇಕು ಹೇಳಿ. ಜಮೀನು ಹೋಯಿತು ಅಂತ ಮನೆಯವರೆಲ್ಲ ಹೆದರುತ್ತಾರೆ. ಭೂಮಿ ಸ್ಥಿರ ಸ್ವತ್ತು, ಅದರ ಮೇಲೆ ನಿಂತ ಬೆಳೆ ಸ್ಥಿರ ಸ್ವತ್ತಲ್ಲ ಅಂತ 1882ರ ಕಾಯ್ದೆಯೇ ಬೇರೆ ಮಾಡಿ ಇಟ್ಟಿದೆ. ಅನುವಾದ ಮಾಡುವವರು ಅದನ್ನು ಸುಮ್ನೆ ಕಲಸಬಾರದು.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ನನಗೆ ಪಹಣಿ ದಾರಿ ತೋರಿಸುತ್ತದೆ. ಪಹಣಿಯ 11ನೇ ಕಾಲಂನಲ್ಲಿ ಋಣಗಳು ಎಂಬ ಮಾತಿದೆ. ಜಮೀನಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಹೆಸರು ಬರುವುದು ಅಲ್ಲಿ. ಜಮೀನು ತಮ್ಮ ಉಳುಮೆಯಲ್ಲೇ ಇದೆ, ಖಾತೆ ತಮ್ಮ ಹೆಸರಿನಲ್ಲೇ ಇದೆ, ಆದರೂ ಅದರ ಮೇಲೆ ಬ್ಯಾಂಕಿನ ಋಣ ಇದೆ ಅನ್ನುವುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅದೇ ಮಾತನ್ನು ಗಾಡಿಗೂ ಸರಕಿಗೂ ಬೆಳೆಗೂ ತಂದರೆ ಆಯಿತಲ್ವಾ? ನಾನು 'ಚರ ಸ್ವತ್ತಿನ ಮೇಲಿನ ಋಣ' ಅಂತ ಬರೆಯುತ್ತೇನೆ. ಪಕ್ಕದಲ್ಲೇ ಹೈಪಾಥಿಕೇಶನ್ ಅನ್ನುವುದನ್ನೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಕೌಂಟರಿನಲ್ಲಿ ಕೇಳುವುದು ಅದನ್ನೇ. ಪತ್ರದಲ್ಲಿ ಮೊದಲ ಸಲ ಬಂದ ಕಡೆ ಒಂದು ಪೂರ್ತಿ ವಾಕ್ಯ ಸೇರಿಸುತ್ತೇನೆ: ವಸ್ತು ನಿಮ್ಮ ಬಳಿಯೇ ಇರುತ್ತದೆ, ಕರಾರಿನಂತೆ ಸಾಲ ತೀರಿಸದಿದ್ದರೆ ಅದನ್ನು ಮಾರಿ ಹಣ ವಸೂಲು ಮಾಡುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಪತ್ರ ಒಂದು ಸಾಲು ಜಾಸ್ತಿ ಆಗುತ್ತದೆ. ಆಗಲಿ.

ಎಚ್‌ಪಿ ಅನ್ನುವುದರ ಬಗ್ಗೆಯೂ ಒಂದು ಎಚ್ಚರಿಕೆ. ಹೈರ್ ಪರ್ಚೇಸ್ ಅನ್ನುವುದಕ್ಕೂ ಅದೇ ಎರಡಕ್ಷರ. ಅದರಲ್ಲಿ ಕೊನೆಯ ಕಂತು ಕಟ್ಟಿ ಕರಾರು ಮುಗಿಯುವ ತನಕ ಒಡೆತನ ಸಾಲ ಕೊಟ್ಟವರದೇ. ನಿಮ್ಮ ಕರಾರು ಯಾವುದು ಅಂತ ಪೂರ್ತಿ ಓದಿ ನೋಡಿ.

ಕಂತು ನಿಂತರೆ ಗಾಡಿ ಹಿಡಿಯುವ ಹಕ್ಕು ಬ್ಯಾಂಕಿಗೆ ಕರಾರಿನಿಂದ ಬರುತ್ತದೆ, ನಿಜ. ಆದರೆ ಗೂಂಡಾಗಳನ್ನು ಕಳಿಸಿ ಗಾಡಿ ಕಿತ್ತುಕೊಳ್ಳುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ.

ಇನ್ನು ಸಾಲ ತೀರಿದವರಿಗೆ. ದುಡ್ಡು ಕಟ್ಟಿ ಮುಗಿದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಹೋಯಿತು ಅಂದುಕೊಳ್ಳಬೇಡಿ. ಬ್ಯಾಂಕಿನಿಂದ ಎನ್‌ಓಸಿ, ಅಂದರೆ ನಮ್ಮ ಆಕ್ಷೇಪಣೆ ಏನೂ ಇಲ್ಲ ಅನ್ನುವ ಪತ್ರ, ತಗೊಳ್ಳಿ. ಫಾರಂ 35ಕ್ಕೆ ನಿಮ್ಮ ಸಹಿ, ಬ್ಯಾಂಕಿನ ಸಹಿ ಎರಡೂ ಆಗಬೇಕು. ಅದನ್ನು ಆರ್‌ಟಿಓಗೆ ಕೊಟ್ಟರೆ ಋಣ ತೆಗೆಯುತ್ತಾರೆ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರಿರುತ್ತದೆ, ಜನ ಮರೆಯುವುದು ಇದನ್ನೇ. ಅಲ್ಲೂ ತೆಗೆಸಿ. ಸ್ವಂತ ಬಳಕೆಯ ಗಾಡಿ ಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಟ್ಟು, ನೋಂದಣಿಯಾದ ಋಣ ತೆಗೆಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ ಜಾರಿಯಾದದ್ದು 2023ರ ಡಿಸೆಂಬರ್ 1ರಿಂದ. ಬ್ಯಾಂಕಿಗೆ ಅರ್ಜಿ ಬರೆಯುವಾಗ ಈ ತಾರೀಕನ್ನೂ ಅದರಲ್ಲಿ ಸೇರಿಸಿ.

ನಮಸ್ಕಾರ.