ಲಾಠಿಗೆ ಮೊದಲು ಲೇಖನಿ

ಕೇಳುಗರಿಗೆ ನಮಸ್ಕಾರ.

ಪೊಲೀಸ್ ಕೆಲಸ ಮಾಡಬೇಕೆಂದು ಅಪರಾಧ ನ್ಯಾಯದ ಪದವಿಗೆ ಸೇರುವ ಹುಡುಗ ಹುಡುಗಿಯರ ಮನಸ್ಸಿನಲ್ಲಿ ಬೆನ್ನಟ್ಟುವ ಜೀಪು, ಕೈಕೋಳ, ಬಂದೂಕು ಇರುತ್ತವೆ. ಕಾಲೇಜಿನಲ್ಲಿ ಅವು ಸಿಗುವುದಿಲ್ಲ. ಕವಾಯತು, ಗುರಿ ಹೊಡೆಯುವುದು, ಬಂಧಿಸುವ ಪಟ್ಟು, ಇದನ್ನೆಲ್ಲ ನೇಮಕವಾದ ಮೇಲೆ ತರಬೇತಿ ಶಾಲೆಯೇ ಕಲಿಸುತ್ತದೆ. ಹಾಗಾದರೆ ಮೂರು ನಾಲ್ಕು ವರ್ಷ ಬೆಂಚಿನ ಮೇಲೆ ಕೂತು ಕಲಿಯಬೇಕಾದದ್ದೇನು? ಬರೆಯುವುದು ಮತ್ತು ಕೇಳುವುದು. ಇವೆರಡೂ ನಿಧಾನವಾಗಿ ಮೈಗೂಡುವ ವಿದ್ಯೆ. ತಿಂಗಳುಗಳ ಲೆಕ್ಕದ ತರಬೇತಿಗೆ ಅಷ್ಟು ಬಿಡುವಿರುವುದಿಲ್ಲ.

ಬರವಣಿಗೆಯಿಂದಲೇ ಶುರುಮಾಡೋಣ. 'ಆತ ಕುಡಿದಿದ್ದ' ಎಂದು ವರದಿಯಲ್ಲಿ ಬರೆದರೆ ಅದು ತೀರ್ಮಾನ. ಪಾಟೀಸವಾಲಿನಲ್ಲಿ ವಕೀಲರು 'ನೀವು ವೈದ್ಯರೇ?' ಎಂದು ಕೇಳಿದರೆ ಸಾಕು, ಆ ವಾಕ್ಯ ಕುಸಿಯುತ್ತದೆ. 'ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ಮಾತು ತೊದಲುತ್ತಿತ್ತು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ' ಎಂದು ಬರೆದರೆ ಅದು ಕಂಡದ್ದು. ಕಂಡದ್ದನ್ನು ಅಲ್ಲಾಡಿಸುವುದು ಕಷ್ಟ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಎರಡು ಅಪಾಯಗಳಿವೆ. 'ಬಾಗಿಲು ತೆರೆಯಲಾಯಿತು' ಎಂಬ ಕಚೇರಿ ಭಾಷೆ ಒಂದು. ತೆರೆದವರು ಯಾರು? ಇನ್ನೊಂದು, ಕರ್ತೃವನ್ನು ನುಂಗಿಬಿಡುವ ನಮ್ಮ ಆಡುಮಾತಿನ ಅಭ್ಯಾಸ. 'ಬಂದು ನೋಡಿದಾಗ ಓಡಿದ' ಎಂಬ ಮೂರು ಪದಗಳಲ್ಲಿ ಬಂದವರು ಯಾರು, ನೋಡಿದವರು ಯಾರು ಎಂಬುದೇ ಇಲ್ಲ. ಮಾತಿನಲ್ಲಿ ಇದು ಸೊಗಸು, ವರದಿಯಲ್ಲಿ ತೂತು. ಅಭ್ಯಾಸಕ್ಕೆ ಒಂದು ದಾರಿ ಇದೆ. ದಿನಕ್ಕೆ ಹತ್ತು ನಿಮಿಷ ಜನ ಓಡಾಡುವ ಕಡೆ ನಿಂತು, ಕಂಡದ್ದನ್ನು ಸಮಯ ಹಾಕಿ ಬರೆಯಿರಿ. ಮರುದಿನ ಅದನ್ನು ಗೆಳೆಯರ ಕೈಗೆ ಕೊಡಿ. ಅವರು 'ಯಾರು?', 'ಯಾವ ಕಡೆಗೆ?' ಎಂದು ಕೇಳಿದ ಕಡೆಯೆಲ್ಲ ನಿಮ್ಮ ವರದಿ ಸೋರಿದೆ ಎಂದರ್ಥ. ಪುಟಗಳಿಗೆ ಅಂಕಿ ಹಾಕಿದ ಪುಸ್ತಕದಲ್ಲೇ ಬರೆಯಿರಿ, ಹಾಳೆ ಹರಿಯಬೇಡಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಅಳಿಸಿದ ಜಾಗ ಅನುಮಾನ ಹುಟ್ಟಿಸುತ್ತದೆ, ಗೆರೆಯ ಕೆಳಗೆ ಓದಲು ಸಿಗುವ ತಪ್ಪು ಹುಟ್ಟಿಸುವುದಿಲ್ಲ.

ಇನ್ನು ಕೇಳುವುದು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗವನ್ನು ಈ ಪದವಿಯ ವಿದ್ಯಾರ್ಥಿ ಅರಗಿಸಿಕೊಳ್ಳಲೇಬೇಕು. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದೇ ಚಲನಚಿತ್ರ ತುಣುಕು ತೋರಿಸಿದರು. 50 ಜನರನ್ನು ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಎಂದು ಕೇಳಿದರು, ಇನ್ನು 50 ಜನರನ್ನು 'ಗುದ್ದಿದಾಗ' ಎಷ್ಟಿತ್ತು ಎಂದು. ಉಳಿದ 50 ಜನರಿಗೆ ವೇಗದ ಪ್ರಶ್ನೆಯೇ ಇರಲಿಲ್ಲ. ವಾರದ ನಂತರ 'ಒಡೆದ ಗಾಜು ಕಂಡಿರಾ?' ಎಂದು ಎಲ್ಲರನ್ನೂ ಕೇಳಿದರೆ, ಮೊದಲ ಗುಂಪಿನಲ್ಲಿ 16 ಜನ ಹೌದು ಎಂದರು, ಎರಡನೆಯದರಲ್ಲಿ 7 ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಸಾಕ್ಷಿ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆ ಕೇಳಿದವರ ಒಂದು ಕ್ರಿಯಾಪದ ಅವರ ನೆನಪಿನೊಳಗೆ ಇಳಿದುಬಿಟ್ಟಿದೆ. ಆದ್ದರಿಂದ 'ಅವನ ಅಂಗಿ ಕೆಂಪಗಿತ್ತಲ್ಲವೇ?' ಎಂದು ಕೇಳಬಾರದು. 'ಕಂಡದ್ದನ್ನೆಲ್ಲ ಹೇಳಿ' ಎಂದು ಸುಮ್ಮನಿರಬೇಕು. ಆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ಸಾಕ್ಷಿ ಯೋಚಿಸಲು ತಡೆದಾಗ ಹೊಸಬರು ತಾಳ್ಮೆಗೆಟ್ಟು ಮುಂದಿನ ಪ್ರಶ್ನೆ ಎಸೆಯುತ್ತಾರೆ, ಬರಲಿದ್ದ ಮಾತು ಅಲ್ಲೇ ಉಳಿಯುತ್ತದೆ.

ಸಾಕ್ಷ್ಯ ಸಂಗ್ರಹದ ಪಾಠದಲ್ಲಿ ಪ್ರತಿ ನಿಯಮಕ್ಕೂ ಕಾರಣ ಕೇಳಿ ತಿಳಿದುಕೊಳ್ಳಿ, ಆಗ ಅದು ಮರೆಯುವುದಿಲ್ಲ. ರಕ್ತದಲ್ಲಿ ನೆನೆದ ಬಟ್ಟೆಯನ್ನು ಗಾಳಿಗೆ ಒಣಗಿಸಿ ಕಾಗದದ ಚೀಲಕ್ಕೇ ಹಾಕಬೇಕು, ಏಕೆಂದರೆ ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತಿಂದುಹಾಕುತ್ತವೆ. ಎರಡು ಬಟ್ಟೆ ಒಂದೇ ಚೀಲದಲ್ಲಿ ಹೋದರೆ ಒಂದರ ಕಲೆ ಇನ್ನೊಂದಕ್ಕೆ ಅಂಟಿ, ಯಾವುದು ಎಲ್ಲಿಯದು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಫೋಟೋ ಮೂರು ದೂರದಿಂದ ಬೇಕು: ಇಡೀ ಜಾಗ, ವಸ್ತು ಮತ್ತು ಅದರ ಆಸುಪಾಸು, ಆಮೇಲೆ ಹತ್ತಿರದಿಂದ ವಸ್ತು ಮಾತ್ರ. ಹತ್ತಿರದ ಚಿತ್ರವನ್ನು ಒಮ್ಮೆ ಅಳತೆಪಟ್ಟಿ ಇಲ್ಲದೆ, ಒಮ್ಮೆ ಇಟ್ಟು ತೆಗೆಯಬೇಕು. ನಕ್ಷೆ ಬರೆಯುವಾಗ ಕದಲದ ಎರಡು ಬಿಂದುಗಳಿಂದ, ಉದಾಹರಣೆಗೆ ಗೋಡೆಯ ಎರಡು ಮೂಲೆಗಳಿಂದ, ವಸ್ತುವಿಗೆ ಟೇಪು ಹಿಡಿಯಿರಿ. ಒಂದೇ ಅಳತೆಯಿಂದ ವಸ್ತು ಒಂದು ವೃತ್ತದ ಮೇಲೆ ಎಲ್ಲೋ ಇತ್ತು ಎಂದಷ್ಟೇ ತಿಳಿಯುತ್ತದೆ. ವಸ್ತು ಕೈಯಿಂದ ಕೈಗೆ ಹೋದಾಗಲೆಲ್ಲ ಕೊಟ್ಟವರು, ಪಡೆದವರು, ದಿನ, ಗಂಟೆ ದಾಖಲಾಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಪ್ರಯೋಗಾಲಯದ ಉತ್ತಮ ವರದಿ ನೆಲೆ ಕಳೆದುಕೊಳ್ಳಬಹುದು.

ಸಂಖ್ಯಾಶಾಸ್ತ್ರ ಎಂದರೆ ಓಡಿಹೋಗುವವರಿಗೆ ಒಂದು ಮಾತು. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 1972-73ರಲ್ಲಿ 15 ಗಸ್ತು ವಲಯಗಳನ್ನು ಐದೈದಾಗಿ ವಿಂಗಡಿಸಿ, ಒಂದು ಗುಂಪಿನಲ್ಲಿ ವಾಡಿಕೆಯ ಕಾರು ಗಸ್ತು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು, ಇನ್ನೊಂದರಲ್ಲಿ ಗಸ್ತನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು, ಮತ್ತೊಂದನ್ನು ಇದ್ದಂತೆ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಸ್ತು ವ್ಯರ್ಥ ಎಂದು ಇದರಿಂದ ಹೇಳಲಾಗದು, ಗೊತ್ತುಗುರಿಯಿಲ್ಲದ ಗಸ್ತಿನ ಬಗ್ಗೆ ಮಾತ್ರ ಇದು ಹೇಳುತ್ತದೆ. ಈ ಎರಡರ ಅಂತರ ಗುರುತಿಸಲು ಅಂಕಿ ಓದಲು ಬರಬೇಕು.

ಐಚ್ಛಿಕ ವಿಷಯ ಆರಿಸುವಾಗ ಸಾಕ್ಷ್ಯ ಕಾನೂನು ಮತ್ತು ದಂಡ ಪ್ರಕ್ರಿಯೆಗೆ ಮೊದಲ ಜಾಗ ಕೊಡಿ, ಆಮೇಲೆ ನೀವು ಕೆಲಸ ಮಾಡುವ ಕಡೆ ಜನ ಆಡುವ ಇನ್ನೊಂದು ಭಾಷೆಗೆ. ದೇಹದಾರ್ಢ್ಯವನ್ನು ಕೊನೆಯ ತಿಂಗಳಿಗೆ ಮುಂದೂಡಬೇಡಿ, ಅವಸರದ ಓಟದಿಂದ ಮೊಣಕಾಲು ಕೆಡುತ್ತದೆ.

ನೇಮಕಾತಿಯ ಹಿನ್ನೆಲೆ ಪರಿಶೀಲನೆಯಲ್ಲಿ ಹಳೆಯ ಸಣ್ಣ ತಪ್ಪಿಗಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚು ಮುಳುವಾಗುತ್ತದೆ, ಏಕೆಂದರೆ ಒಮ್ಮೆ ಸುಳ್ಳು ಬರೆದವರ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಮುಂದೆ ಯಾವಾಗ ಬೇಕಾದರೂ ಪ್ರಶ್ನಿಸಬಹುದು. ಮರೆವಿನಿಂದ ಬಿಟ್ಟದ್ದೂ ಅಲ್ಲಿ ಮುಚ್ಚಿಟ್ಟಂತೆಯೇ ಕಾಣುತ್ತದೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲೇ ಒಂದು ಪುಸ್ತಕ ತೆರೆದು, ವಾಸವಿದ್ದ ಪ್ರತಿ ವಿಳಾಸ, ಮಾಡಿದ ಪ್ರತಿ ಕೆಲಸ, ಮೇಲಿನವರ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ ಬರೆದಿಡಿ.