ನಾಲ್ಕು ಗುಂಡಿಗಳ ಹೆಸರು

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದು ವಿಡಿಯೋ ಗೇಮಿನ ಬಗ್ಗೆ. ಹೆಸರು ಕ್ರೋನೋ ಟ್ರಿಗರ್. ಜಪಾನಿನ ಸ್ಕ್ವೇರ್ ಕಂಪನಿ 1995ರ ಮಾರ್ಚಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ, ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ ಯಂತ್ರಕ್ಕೆಂದು ಹೊರತಂದದ್ದು. ಫೈನಲ್ ಫ್ಯಾಂಟಸಿ ಆಟಗಳ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟಗಳ ಯುಜಿ ಹೊರಿ, ಚಿತ್ರಕಾರ ಅಕಿರಾ ತೊರಿಯಾಮಾ, ಮೂವರೂ ಕೈಜೋಡಿಸಿದ ಆಟ. 2008ರಲ್ಲಿ ಅದು ನಿಂಟೆಂಡೊ ಡಿಎಸ್‌ಗೆ ಬಂತು. ಅಂಗೈಯಗಲದ ಆ ಯಂತ್ರವನ್ನು ಈಚೆಗೆ ಮತ್ತೆ ಚಾರ್ಜಿಗಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಒಂದೊಂದು ಗಂಟೆ ಆಡಿದೆ.

ಕಥೆ ಕಾಲಪ್ರಯಾಣದ್ದು. 1999ರಲ್ಲಿ ಲಾವೋಸ್ ಎಂಬ ಜೀವಿ ನೆಲದೊಳಗಿನಿಂದೆದ್ದು ಲೋಕವನ್ನು ಸುಡುತ್ತದೆ. ಕಥಾನಾಯಕ ಕ್ರೋನೋ ಮತ್ತು ಗೆಳೆಯರು 2300ನೇ ಇಸವಿಗೆ ಹೋಗಿ ಆ ಬೂದಿಯನ್ನು ಕಣ್ಣಾರೆ ನೋಡುತ್ತಾರೆ. ಅಲ್ಲಿ ಊಟವಿಲ್ಲ. ಯಂತ್ರವೊಂದರೊಳಗೆ ಮಲಗಿದರೆ ದಣಿವು ನೀಗುತ್ತದೆ, ಆದರೆ ಹಸಿವು ಇನ್ನೂ ಇದೆ ಅಂತ ಆಟ ನಮಗೆ ಹೇಳುತ್ತದೆ. ಆ ಒಂದು ಸಾಲು ಈ ಸಲವೂ ಹೊಟ್ಟೆ ಹಿಂಡಿತು.

ಸಂಗೀತದ ಬಗ್ಗೆ ಹೇಳದಿರಲಾರೆ. ಅದರ ಬಹುಪಾಲು ಯಾಸುನೊರಿ ಮಿತ್ಸುದಾ ಅವರದು. ಕೆಲಸದ ಒತ್ತಡದಲ್ಲಿ ಹೊಟ್ಟೆಹುಣ್ಣಾಗಿ ಅವರು ಮಲಗಿದಾಗ, ಉಳಿದದ್ದನ್ನು ನೊಬುವೊ ಉಎಮಾತ್ಸು ಪೂರೈಸಿಕೊಟ್ಟರು. 600ನೇ ಇಸವಿಯ ಬಯಲಿನಲ್ಲಿ ನುಡಿಯುವ ರಾಗ ಕೇಳುತ್ತ ಎಷ್ಟೋ ಸಲ ನಡೆಯುವುದನ್ನೇ ಮರೆತು ನಿಂತಿದ್ದೇನೆ.

ಡಿಎಸ್‌ನಲ್ಲಿ ಕಾಳಗದ ಆಜ್ಞೆಗಳೆಲ್ಲ ಕೆಳಗಿನ ಪರದೆಗೆ ಇಳಿದಿವೆ. ಮೇಲಿನ ಪರದೆ ಚಿತ್ರಕ್ಕೇ ಮೀಸಲು. ಇಂಗ್ಲಿಷ್ ಅನುವಾದವೂ ಹೊಸದು: ಮೊದಲು ಗ್ರಂಥಸ್ಥ ಹಳೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಕಪ್ಪೆವೀರ ಫ್ರಾಗ್ ಇಲ್ಲಿ ಎಲ್ಲರಂತೆ ಮಾತಾಡುತ್ತಾನೆ. ನನಗೆ ಆ ಹಳೆಯ ಮಾತೇ ಇಷ್ಟವಿತ್ತು.

ನಾನು ಮರಳಿದ್ದು ಮುಖ್ಯವಾಗಿ ಒಂದು ಕಾಡಿಗಾಗಿ. 600ನೇ ಇಸವಿಯಲ್ಲಿ ಫಿಯೋನಾ ಎಂಬಾಕೆ ಮರಳುಗಾಡನ್ನು ಹಸಿರು ಮಾಡಲು ಹೆಣಗುತ್ತಿರುತ್ತಾಳೆ. ನಮ್ಮ ಜೊತೆಗಾರ, ರೋಬೋ ಎಂಬ ಯಂತ್ರಮಾನವ, ನೆರವಿಗೆ ಅಲ್ಲೇ ಉಳಿಯುತ್ತಾನೆ. ನಾವು ಕಾಲನೌಕೆ ಹತ್ತಿ 1000ನೇ ಇಸವಿಗೆ ಹಾರುತ್ತೇವೆ. ನಮಗದು ಕ್ಷಣ, ಅವನಿಗೆ 400 ವರ್ಷ. ಮರಳುಗಾಡಿದ್ದಲ್ಲಿ ದಟ್ಟ ಕಾಡು. ಕಾಡಿನ ನಡುವಿನ ಗುಡಿಯಲ್ಲಿ, ನಿಶ್ಚಲನಾಗಿ, ರೋಬೋ.

ಕ್ರೋನೋನ ಗೆಳತಿ ಲುಕ್ಕಾ ಅವನನ್ನು ರಿಪೇರಿ ಮಾಡುತ್ತಾಳೆ. ರಾತ್ರಿ ಬೆಂಕಿಯ ಸುತ್ತ ಕೂತು ಎಲ್ಲರೂ ಮಾತಾಡುತ್ತಾರೆ, ಮಲಗುತ್ತಾರೆ. ಲುಕ್ಕಾಗೆ ಮಾತ್ರ ನಿದ್ದೆಯಿಲ್ಲ. ಎದ್ದು ಹೋದವಳಿಗೆ ಬೇರೆ ಕಾಲಕ್ಕೆ ಒಯ್ಯುವ ಕೆಂಪು ದ್ವಾರವೊಂದು ಕಾಣುತ್ತದೆ. ಆಚೆಗಿರುವುದು ಅವಳದೇ ಬಾಲ್ಯದ ಮನೆ. ಅಮ್ಮನ ಉಡುಪು ಯಂತ್ರಕ್ಕೆ ಸಿಕ್ಕಿ ಕಾಲು ಊನವಾದ ದಿನ.

ಯಂತ್ರ ನಿಲ್ಲಿಸಲು ಗುಪ್ತಪದ ಬೇಕು. ಅದು ಅಮ್ಮನ ಹೆಸರು, ಲಾರಾ. ಅಕ್ಷರ ಬರೆಯುವುದಲ್ಲ, ನಮ್ಮ ಕೈಲಿರುವ ಆಟದ ಯಂತ್ರದ ಗುಂಡಿಗಳನ್ನೇ ಒತ್ತಬೇಕು: ಎಲ್, ಎ, ಆರ್, ಎ. ಸೂಪರ್ ಫ್ಯಾಮಿಕಾಮ್‌ನ ಆ ಗುಂಡಿಗಳು ಅದೇ ಹೆಸರಿನಲ್ಲಿ ಡಿಎಸ್ ಮೇಲೂ ಇವೆ. ಸಿಗುವುದು ಅರೆಗಳಿಗೆ, ಒಂದೇ ಅವಕಾಶ. ವರ್ಷಗಳ ಹಿಂದೆ ನಾನು ಗಾಬರಿಯಲ್ಲಿ ತಪ್ಪು ಒತ್ತಿದ್ದೆ. ಆಟ ಮುಗಿಯುವವರೆಗೂ ಲಾರಾ ಕುರ್ಚಿಯಲ್ಲೇ ಕೂತಿದ್ದಳು.

ಈ ಸಲ ಕತ್ತಲಲ್ಲಿ ಬೆರಳುಗಳೇ ಆ ಹೆಸರು ಹೇಳಿದವು. ಬೆಳಗಾದ ಮೇಲೆ ಲುಕ್ಕಾಳ ಮನೆಗೆ ಹೋದೆ. ಲಾರಾ ಮನೆಯೊಳಗೆ ಓಡಾಡುತ್ತಿದ್ದಳು.