ಡೈರಿಯ ಯಂತ್ರಗಳ ನಡುವೆ ಮೊದಲ ವರ್ಷ

ಕೇಳುಗರಿಗೆ ನಮಸ್ಕಾರ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರೀಷಿಯನ್ ಅಥವಾ ರೆಫ್ರಿಜರೇಶನ್ ಮೆಕ್ಯಾನಿಕ್ ತರಬೇತಿ ಮುಗಿಸಿ, ಈಗ ಹಾಲಿನ ಡೈರಿಗೋ ಬಿಸ್ಕತ್ತಿನ ಕಾರ್ಖಾನೆಗೋ ತಂಪು ಪಾನೀಯ ತುಂಬುವ ಘಟಕಕ್ಕೋ ಅಪ್ರೆಂಟಿಸ್ ಆಗಿ ಸೇರಲು ಹೊರಟಿರುವ ಹುಡುಗ ಹುಡುಗಿಯರನ್ನೂ ಅವರನ್ನು ಕಳುಹಿಸಿಕೊಡುತ್ತಿರುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ನಾನೂ ಹಾಗೆಯೇ ಫಿಟ್ಟರ್ ಅಪ್ರೆಂಟಿಸ್ ಆಗಿ ಒಂದು ಡೈರಿಯ ಬಾಗಿಲು ಹೊಕ್ಕವನು. ಅನಂತರದ ನನ್ನ ದುಡಿಮೆಯ ವರ್ಷಗಳೆಲ್ಲ ಅಲ್ಲಿನ ನಿರ್ವಹಣಾ ವಿಭಾಗದಲ್ಲಿ, ಅಂದರೆ ನಾವೆಲ್ಲ ಮೈಂಟೆನೆನ್ಸ್ ಎಂದು ಕರೆಯುವ ವಿಭಾಗದಲ್ಲಿಯೇ ಕಳೆದವು. ಆದ್ದರಿಂದ ಡೈರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ನಮ್ಮ ರಾಜ್ಯದಲ್ಲಿ ಆಹಾರದ ಕಾರ್ಖಾನೆಗಳು ಹಲವು ಬಗೆಯವು. ಅವುಗಳ ದುರಸ್ತಿಯ ಲಯವೂ ಬೇರೆ ಬೇರೆ. ಮಂಡ್ಯದಲ್ಲಿ 1933ರಷ್ಟು ಹಿಂದೆಯೇ ಆರಂಭವಾದ ಸಕ್ಕರೆ ಕಾರ್ಖಾನೆಯಂಥ ಕಡೆ ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಗಾಣದ ರೋಲರುಗಳನ್ನು ಬಿಚ್ಚಿ, ಬಾಯ್ಲರಿನ ಕೊಳವೆಗಳನ್ನು ಶುಚಿಮಾಡಿ, ಮುಂದಿನ ಹಂಗಾಮಿಗೆ ಎಲ್ಲವನ್ನೂ ಅಣಿಗೊಳಿಸಲು ತಿಂಗಳುಗಳ ಬಿಡುವು ಸಿಗುತ್ತದೆ. ಡೈರಿಗೆ ಅಂಥ ಬಿಡುವು ಇಲ್ಲ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಡೈರಿ ಆರಂಭವಾದ ಕಾಲದಲ್ಲಿಯೂ, ಹಳ್ಳಿ ಹಳ್ಳಿಯ ಸಂಘಗಳಿಂದ ಟ್ಯಾಂಕರುಗಳು ಸಾಲಾಗಿ ಬರುವ ಇಂದಿನ ಕಾಲದಲ್ಲಿಯೂ ಹಸು ಎರಡು ಹೊತ್ತು ಹಾಲು ಕೊಡುತ್ತಲೇ ಇರುತ್ತದೆ. ಯುಗಾದಿಯಾದರೂ ಸರಿ, ಬಂದ್ ಆದರೂ ಸರಿ, ಕರೆದ ಹಾಲನ್ನು ಕಾಯಲು ಬಿಡುವಂತಿಲ್ಲ. ಹಾಗಾಗಿ ಡೈರಿಯಲ್ಲಿ ಯಂತ್ರವನ್ನು ಬಿಚ್ಚಲು ಸಿಗುವ ಸಮಯವೆಂದರೆ ಒಂದು ಪಾಳಿಯ ಕೊನೆಯ ಪೊಟ್ಟಣ ಹೊರಬಿದ್ದ ಮೇಲೆ, ಮುಂದಿನ ಹಾಲು ಕೊಳವೆಗೆ ಇಳಿಯುವ ಮೊದಲು ಉಳಿಯುವ ಕೆಲವು ಗಂಟೆಗಳು ಮಾತ್ರ. ಆ ಅವಧಿಯಲ್ಲಿಯೇ ತೊಳೆಯುವವರೂ ತಮ್ಮ ಕೆಲಸ ಮುಗಿಸಬೇಕು. ಹೊಸದಾಗಿ ಬಂದವರಿಗೆ ಈ ಅವಸರ ಭಯ ಹುಟ್ಟಿಸುತ್ತದೆ, ನನಗೂ ಹುಟ್ಟಿಸಿತ್ತು.

ನಾನು ಸೇರಿದ ಎರಡನೆಯ ತಿಂಗಳಿನಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಹಾಲಿನ ಪಂಪೊಂದರ ಸೀಲ್ ಸೋರುತ್ತಿತ್ತು. ನನ್ನನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಫಿಟ್ಟರ್ ಅದನ್ನು ಬಿಚ್ಚಿ, ಹೊಸ ಸೀಲ್ ಕೂರಿಸಿ, ಮುಚ್ಚಳವನ್ನು ಬಿಗಿಯುವ ಕೆಲಸವನ್ನು ನನಗೆ ವಹಿಸಿದರು. ಬಿಚ್ಚುವಾಗ ಆರು ನಟ್ಟುಗಳಿದ್ದವು. ಬಿಗಿದು ಮುಗಿಸುವಾಗ ನನ್ನ ಮುಂದಿದ್ದವು ಐದು. ಆರನೆಯದರ ಜಾಗಕ್ಕೆ ಪೆಟ್ಟಿಗೆಯಿಂದ ಹೊಸದೊಂದನ್ನು ತೆಗೆದು ಹಾಕಲು ನಾನು ಹೊರಟಿದ್ದೆ. ಹೊರಗೆ ಟ್ಯಾಂಕರುಗಳು ನಿಂತಿದ್ದವು, ಪಾಳಿಯ ಅಧಿಕಾರಿ ಎರಡು ಸಲ ಬಂದು ಹೋಗಿದ್ದರು. ಹಿರಿಯರು ನನ್ನ ಕೈ ಹಿಡಿದು ನಿಲ್ಲಿಸಿ, ಆ ನಟ್ಟು ಎಲ್ಲಿದೆ ಎಂದು ಗೊತ್ತಾಗುವ ತನಕ ಈ ಪಂಪು ಚಾಲೂ ಆಗುವುದಿಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಪಂಪನ್ನು ಮತ್ತೆ ಬಿಚ್ಚಿದೆವು, ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದೆವು, ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಕೊನೆಗೆ ಅದು ಪಂಪಿನ ಕಾಲಿನ ಹಿಂದೆ, ಚರಂಡಿಯ ಜಾಲರಿಯ ಅಂಚಿನಲ್ಲಿ ಸಿಕ್ಕಿತು. ಮುಕ್ಕಾಲು ಗಂಟೆ ತಡವಾಗಿತ್ತು. ಅಧಿಕಾರಿ ಕೇಳಿದಾಗ ಅವರು ನನ್ನ ಹೆಸರನ್ನು ಎತ್ತದೆ, ಎಣಿಕೆ ತಾಳೆಯಾಗಲಿಲ್ಲ, ಈಗ ಆಗಿದೆ ಎಂದಷ್ಟೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಹಾಲು ನಾಳೆ ಬೆಳಿಗ್ಗೆ ಯಾವ ಮಗುವಿನ ಲೋಟಕ್ಕೆ ಹೋಗುತ್ತದೆ ಎಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದರು.

ಐಟಿಐಯ ಕಾರ್ಯಾಗಾರದಲ್ಲಿ ಯಂತ್ರ ಓಡಿದರೆ ದುರಸ್ತಿ ಮುಗಿದಂತೆ. ಆಹಾರದ ಕಾರ್ಖಾನೆಯಲ್ಲಿ ಯಂತ್ರ ಓಡಿದ ಮೇಲೂ ಕೆಲಸ ಉಳಿದಿರುತ್ತದೆ. ಬಿಚ್ಚಿದ ಪ್ರತಿಯೊಂದು ಬಿಡಿಭಾಗವನ್ನೂ ಒಳಗೆ ಒಯ್ದ ಪ್ರತಿಯೊಂದು ಸ್ಪ್ಯಾನರನ್ನೂ ಎಣಿಸಿ, ಹಳೆಯ ಗ್ಯಾಸ್ಕೆಟ್ಟಿನ, ಅಂದರೆ ಜೋಡಣೆ ಸೋರದಂತೆ ನಡುವೆ ಇಡುವ ಪಟ್ಟಿಯ ಚೂರು ಎಲ್ಲಿಯೂ ಉಳಿದಿಲ್ಲವೆಂದು ನೋಡಿ, ಆ ಭಾಗವನ್ನು ತೊಳೆಸಿ, ಗುಣಮಟ್ಟ ವಿಭಾಗದವರಿಗೆ ತೋರಿಸಿ, ಅವರು ಸಹಿ ಮಾಡಿದ ನಂತರವೇ ಯಂತ್ರವನ್ನು ಉತ್ಪಾದನೆಯವರ ಕೈಗೆ ಒಪ್ಪಿಸಬೇಕು. ಮೊದಲ ವರ್ಷದಲ್ಲಿ ಕೈಗೆ ಎಷ್ಟು ಕೌಶಲ ಬಂತು ಎನ್ನುವುದಕ್ಕಿಂತ ಈ ಒಪ್ಪಿಸುವ ಕ್ರಮ ಮೈಗೂಡಿತೇ ಎನ್ನುವುದನ್ನೇ ನಾನು ಮುಖ್ಯವೆಂದು ಎಣಿಸುತ್ತೇನೆ. ಕೌಶಲ ಎರಡನೆಯ ವರ್ಷದಲ್ಲಿಯೂ ಬರುತ್ತದೆ. ಎಣಿಸದೆ ಮುಚ್ಚುವ ಅಭ್ಯಾಸ ಒಮ್ಮೆ ಬಂದರೆ ಬಿಡಿಸುವುದು ಕಷ್ಟ.

ಡೈರಿಯ ಹೃದಯವೆಂದರೆ ಪಾಶ್ಚರೀಕರಣದ, ಅಂದರೆ ಹಾಲನ್ನು ಕಾಯಿಸಿ ರೋಗಾಣುಗಳನ್ನು ಕೊಲ್ಲುವ ಯಂತ್ರ. ಅಪ್ರೆಂಟಿಸ್ ಆದವರು ಅದರ ಮುಂದೆ ನಿಂತು ಹಾಲು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಕೈಯಿಂದ ಚಿತ್ರ ಬರೆದು ಕಲಿಯಬೇಕು. ಸುಕ್ಕುಸುಕ್ಕಾದ ಸ್ಟೀಲಿನ ತೆಳು ತಟ್ಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಬಿಗಿದಿರುತ್ತಾರೆ. ತಟ್ಟೆಯ ಒಂದು ಮುಖದ ಮೇಲೆ ಹಾಲು, ಇನ್ನೊಂದು ಮುಖದ ಮೇಲೆ ಬಿಸಿನೀರು ಹರಿಯುತ್ತದೆ. ಹಾಲು 72 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಆ ಬಿಸಿಯಲ್ಲಿಯೇ ಒಂದು ನಿರ್ದಿಷ್ಟ ಉದ್ದದ ಕೊಳವೆಯನ್ನು ದಾಟಲು ಕನಿಷ್ಠ 15 ಸೆಕೆಂಡು ತೆಗೆದುಕೊಳ್ಳಬೇಕು. ಅನಂತರ ಅದು ಒಳಬರುವ ತಣ್ಣನೆಯ ಹಸಿ ಹಾಲಿಗೆ ತನ್ನ ಶಾಖವನ್ನು ಕೊಟ್ಟು ತಾನು ತಣಿಯುತ್ತದೆ, ಕೊನೆಗೆ ಮಂಜಿನಷ್ಟು ತಣ್ಣನೆಯ ನೀರಿನ ನೆರವಿನಿಂದ 4 ಡಿಗ್ರಿಗೆ ಇಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಸಿ ಹಾಲು ಮತ್ತು ಕಾಯಿಸಿದ ಹಾಲಿನ ನಡುವೆ ಇರುವುದು ಒಂದೇ ತಟ್ಟೆ. ಆ ತಟ್ಟೆಯಲ್ಲಿ ಕಣ್ಣಿಗೆ ಕಾಣದಂಥ ರಂಧ್ರ ಬಿದ್ದರೂ ಹಸಿ ಹಾಲು ಒಳ್ಳೆಯ ಹಾಲಿಗೆ ಬೆರೆಯಬಾರದೆಂದೇ ಕಾಯಿಸಿದ ಹಾಲಿನ ಬದಿಯ ಒತ್ತಡವನ್ನು ಹಸಿ ಹಾಲಿನ ಬದಿಗಿಂತ ಹೆಚ್ಚಾಗಿ ಇರಿಸಲಾಗುತ್ತದೆ. ಸೋರಿದರೂ ಒಳ್ಳೆಯದು ಹಸಿಯ ಕಡೆಗೆ ಸೋರಬೇಕು. ಗೋಡೆಯ ಮೇಲಿನ ಎರಡು ಒತ್ತಡದ ಮೀಟರುಗಳನ್ನು ಬರಿಯ ಅಲಂಕಾರವೆಂದು ತಿಳಿಯಬೇಡಿ. ಅವುಗಳ ವ್ಯತ್ಯಾಸವನ್ನು ದಿನವೂ ಬರೆದಿಟ್ಟುಕೊಳ್ಳುವ ಅಪ್ರೆಂಟಿಸ್ ಆ ಯಂತ್ರದ ಆರೋಗ್ಯವನ್ನು ಉಳಿದವರಿಗಿಂತ ಮೊದಲು ಅರಿಯುತ್ತಾನೆ.

ಅದೇ ಯಂತ್ರದಲ್ಲಿ ಹಾಲನ್ನು ಹಿಂದಕ್ಕೆ ತಿರುಗಿಸುವ ಒಂದು ವಾಲ್ವ್ ಇದೆ. ಉಷ್ಣತೆ ನಿಗದಿಗಿಂತ ಕೆಳಗಿಳಿದ ಕ್ಷಣವೇ ಅದು ತಾನಾಗಿ ತಿರುಗಿ, ಸರಿಯಾಗಿ ಕಾಯದ ಹಾಲನ್ನು ಮೊದಲಿನ ತೊಟ್ಟಿಗೆ ಮರಳಿಸುತ್ತದೆ. ಇದು ಪದೇ ಪದೇ ತಿರುಗುತ್ತಿದ್ದರೆ ಉತ್ಪಾದನೆ ನಿಲ್ಲುತ್ತದೆ, ಕೂಗಾಟವಾಗುತ್ತದೆ, ಆಗ ಉಷ್ಣತೆ ಅಳೆಯುವ ಸೆನ್ಸರಿನ ತಂತಿಯನ್ನು ಬೈಪಾಸ್ ಮಾಡಿಬಿಡು, ಅಂದರೆ ವಾಲ್ವ್ ತಿರುಗದಂತೆ ಅದನ್ನು ತಪ್ಪಿಸಿಬಿಡು ಎಂಬ ಮಾತು ಯಾರ ಬಾಯಿಂದಲಾದರೂ ಬರಬಹುದು. ಅಪ್ರೆಂಟಿಸ್ ಆದವರು ಅಂಥ ಮಾತಿಗೆ ಕೈ ಚಾಚಬಾರದು. ಯಾರೇ ಹೇಳಿದರೂ ನೇರವಾಗಿ ತಮ್ಮ ಮೇಲ್ವಿಚಾರಕರಿಗೂ ಗುಣಮಟ್ಟ ವಿಭಾಗಕ್ಕೂ ತಿಳಿಸಬೇಕು. ಹಾಲು ಸರಿಯಾಗಿ ಕಾಯಿತೇ ಎಂಬುದನ್ನು ಪ್ರಯೋಗಾಲಯದವರು ಫಾಸ್ಫಟೇಸ್ ಪರೀಕ್ಷೆಯಿಂದ, ಅಂದರೆ ಸರಿಯಾಗಿ ಕಾದರೆ ನಾಶವಾಗುವ ಹಾಲಿನ ಕಿಣ್ವವೊಂದು ಉಳಿದಿದೆಯೇ ಎಂದು ನೋಡಿ ಪತ್ತೆ ಹಚ್ಚುತ್ತಾರೆ ಎಂಬುದು ನಿಜ. ಆದರೆ ಆ ಕಾವಲಿದೆಯೆಂದು ಈ ಕಾವಲನ್ನು ತೆಗೆಯುವುದು ಸಲ್ಲದು.

ಇನ್ನು ಶುಚಿತ್ವದ ಮಾತು. ಡೈರಿಯ ಕೊಳವೆಗಳನ್ನು ಬಿಚ್ಚದೆಯೇ ತೊಳೆಯುವ ವಿಧಾನವನ್ನು ಸಿಐಪಿ ಎನ್ನುತ್ತಾರೆ. ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರದ ದ್ರಾವಣ, ಮತ್ತೆ ನೀರು, ಅಗತ್ಯವಿದ್ದಾಗ ದುರ್ಬಲ ನೈಟ್ರಿಕ್ ಆಮ್ಲ, ಮತ್ತೆ ನೀರು, ಹೀಗೆ ಸರದಿಯಂತೆ ಹರಿಸಿದರೆ ಕೊಬ್ಬು, ಪ್ರೋಟೀನು, ಹಾಲಿನ ಖನಿಜಗಳು ಗಟ್ಟಿಯಾಗಿ ಅಂಟಿದ ಹಾಲುಗಲ್ಲು ಎಲ್ಲ ಕರಗಿ ಹೋಗುತ್ತವೆ. ದ್ರಾವಣ ಹರಿದ ಕಡೆ ಮಾತ್ರ ಶುಚಿ. ಹಾಗಾಗಿ ನಾವು ಅವಸರದಲ್ಲಿ ಬೆಸೆದ ಕೊಳವೆಯ ಒಳಮೈ ಒರಟಾಗಿದ್ದರೆ, ಉಪಯೋಗವಿಲ್ಲದ ಕವಲೊಂದನ್ನು ಮುಚ್ಚಳ ಹಾಕಿ ಹಾಗೆಯೇ ಬಿಟ್ಟಿದ್ದರೆ, ಅಲ್ಲಿ ನಿಂತ ಹಾಲು ಎಷ್ಟು ತೊಳೆದರೂ ಹೋಗುವುದಿಲ್ಲ. ಇಂಥ ತಪ್ಪು ನಮ್ಮ ಕೈಯಿಂದ ಆಗಿ, ಫಲ ಎಷ್ಟೋ ವಾರಗಳ ಬಳಿಕ ಹುಳಿಯಾದ ಹಾಲಿನಲ್ಲಿ ಕಾಣುತ್ತದೆ. ಗ್ರೀಸಿನಲ್ಲಿಯೂ ಎರಡು ಬಗೆ: ಆಹಾರಕ್ಕೆ ಅಕಸ್ಮಾತ್ ತಗುಲಿದರೂ ಕೆಡುಕಾಗದಂಥದು ಒಂದು, ಸಾಮಾನ್ಯದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಗ್ರೀಸ್ ಗನ್ ಇರಬೇಕು.

ಇದೇ ಕಾರಣದಿಂದ ಉಂಗುರ, ಕೈಗಡಿಯಾರ, ಬಳೆ, ಮುಡಿದ ಹೂವು, ದೇವಸ್ಥಾನದಿಂದ ತಂದು ಮಣಿಕಟ್ಟಿಗೆ ಕಟ್ಟಿದ ದಾರ ಇವುಗಳನ್ನು ಒಳಗೆ ಹೋಗುವ ಮೊದಲು ತೆಗೆದಿಡಬೇಕೆಂಬ ನಿಯಮ ಇದೆ. ದಾರ ಬಿಚ್ಚಲು ಕೆಲವರಿಗೆ ಮನಸ್ಸಿಗೆ ನೋವಾಗುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ತಿರುಗುವ ಶಾಫ್ಟಿಗೆ ಸಿಕ್ಕಿದ ದಾರ ಕೈಯನ್ನೇ ಎಳೆದುಕೊಳ್ಳುತ್ತದೆ, ಹಾಲಿಗೆ ಬಿದ್ದ ದಾರ ಇನ್ನೊಬ್ಬರ ತಟ್ಟೆಗೆ ಹೋಗುತ್ತದೆ. ಆಯುಧಪೂಜೆಯ ದಿನ ಯಂತ್ರಗಳಿಗೆ ಹೂವು, ಕುಂಕುಮ ಏರಿಸುವ ಪದ್ಧತಿ ನಮ್ಮಲ್ಲಿ ಇದೆ. ಅದನ್ನೂ ಹಾಲು ಮುಟ್ಟುವ ಭಾಗಗಳಿಂದ ದೂರದಲ್ಲಿ ಮಾಡಿ, ಮುಗಿದ ಕೂಡಲೇ ಪ್ರತಿಯೊಂದು ದಳವನ್ನೂ ತೆಗೆದು ಒರೆಸುವುದು ಒಳ್ಳೆಯದು.

ಅಪಾಯದ ಮಾತನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಮನೆಯವರು ಮೊದಲು ಕೇಳುವುದೂ ಅದನ್ನೇ. ಯಂತ್ರವನ್ನು ಮುಟ್ಟುವ ಮೊದಲು ಅದರ ವಿದ್ಯುತ್ ಸ್ವಿಚ್ಚಿಗೆ ನಿಮ್ಮದೇ ಬೀಗ ಹಾಕಿ, ನಿಮ್ಮ ಹೆಸರಿನ ಚೀಟಿ ಕಟ್ಟಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಹಬೆ ಮತ್ತು ಗಾಳಿಯ ಒತ್ತಡವನ್ನೂ ಇಳಿಸಿ. ಬೇರೆಯವರ ಬೀಗವನ್ನು ಎಂದಿಗೂ ತೆಗೆಯಬೇಡಿ. ಕಾಸ್ಟಿಕನ್ನು ನೀರಿಗೆ ನಿಧಾನವಾಗಿ ಸೇರಿಸಬೇಕೇ ಹೊರತು ಕಾಸ್ಟಿಕಿನ ಮೇಲೆ ನೀರು ಸುರಿಯಬಾರದು. ಆಮ್ಲವನ್ನೂ ಕ್ಲೋರಿನ್ ಇರುವ ತೊಳೆಯುವ ದ್ರಾವಣವನ್ನೂ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಶೀತಲೀಕರಣಕ್ಕೆ ದೊಡ್ಡ ಡೈರಿಗಳಲ್ಲಿ ಬಳಸುವುದು ಅಮೋನಿಯಾ. ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಕುದಿಯುವ ಈ ಅನಿಲ ಕಣ್ಣು ಮತ್ತು ಶ್ವಾಸಕೋಶದ ತೇವವನ್ನು ಹುಡುಕಿಕೊಂಡು ಬಂದು ಸುಡುತ್ತದೆ. ಅದರ ಘಾಟು ತಾನೇ ಎಚ್ಚರಿಕೆ ಕೊಡುತ್ತದೆಂಬುದೊಂದೇ ಸಮಾಧಾನ. ಮೊದಲ ದಿನವೇ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಎಲ್ಲಿ ಹಾರುತ್ತಿದೆ, ಹೊರಬಾಗಿಲುಗಳು ಎಲ್ಲಿವೆ, ಕಣ್ಣು ತೊಳೆಯುವ ನಲ್ಲಿ ಎಲ್ಲಿದೆ ಎಂದು ನಡೆದೇ ನೋಡಿಕೊಳ್ಳಿ. ಬಾಯ್ಲರಿನ ಹತ್ತಿರ ಅರ್ಹತಾಪತ್ರ ಪಡೆದವರ ಜೊತೆಯಿಲ್ಲದೆ ಯಾವ ವಾಲ್ವನ್ನೂ ತಿರುಗಿಸಬೇಡಿ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಿಮ್ಮ ಮತ್ತು ಸಂಸ್ಥೆಯ ನಡುವೆ ಲಿಖಿತ ಒಪ್ಪಂದವಾಗಿ, ಅದು ಸರ್ಕಾರದ ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲಿ ನೋಂದಣಿಯಾಗಬೇಕು. ಹದಿನೆಂಟು ತುಂಬದವರ ಪರವಾಗಿ ಪೋಷಕರು ಸಹಿ ಮಾಡಬೇಕು. ಒಪ್ಪಂದದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. 2019ರ ನಿಯಮಗಳಲ್ಲಿ ಐಟಿಐ ಪ್ರಮಾಣಪತ್ರವುಳ್ಳವರಿಗೆ ತಿಂಗಳಿಗೆ ಕನಿಷ್ಠ 7000 ರೂಪಾಯಿ ಶಿಷ್ಯವೇತನ ಗೊತ್ತುಮಾಡಲಾಗಿತ್ತು. ನೀವು ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತವನ್ನು ಜಾಲತಾಣದಲ್ಲಿ ನೋಡಿಕೊಳ್ಳಿ. ಕಾಯ್ದೆಯ ಕಣ್ಣಿನಲ್ಲಿ ನೀವು ಕಲಿಯುವವರೇ ಹೊರತು ಕಾರ್ಮಿಕರಲ್ಲ. ಹಾಗಿದ್ದರೂ ಕಾರ್ಖಾನೆಗಳಲ್ಲಿನ ಆರೋಗ್ಯ, ಸುರಕ್ಷತೆ, ಕ್ಷೇಮದ ಕಾನೂನು ನಿಯಮಗಳು ನಿಮಗೂ ಅನ್ವಯಿಸುತ್ತವೆ, ತರಬೇತಿಯಲ್ಲಿ ಪೆಟ್ಟಾದರೆ ಪರಿಹಾರದ ಹಕ್ಕೂ ಇದೆ, ಅನುಮತಿಯಿಲ್ಲದೆ ನಿಮ್ಮನ್ನು ಹೆಚ್ಚುವರಿ ಅವಧಿಗೆ ದುಡಿಸುವಂತಿಲ್ಲ. ವರ್ಷ ಮುಗಿದ ಮೇಲೆ ಅಲ್ಲಿಯೇ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಖಾತರಿಯನ್ನು ಕಾಯ್ದೆ ಕೊಡುವುದಿಲ್ಲ. ಈ ಮಾತನ್ನು ತಂದೆತಾಯಿಯರೂ ಕೇಳಿಸಿಕೊಳ್ಳಬೇಕು. ಅಪ್ರೆಂಟಿಸರನ್ನು ಬರಿಯ ಗುಡಿಸುವ, ಚಹಾ ತರುವ ಕೆಲಸಕ್ಕೆ ಹಚ್ಚಿ ವರ್ಷ ಕಳೆಯಿಸುವ ಕಡೆಗಳನ್ನೂ ನಾನು ಕಂಡಿದ್ದೇನೆ, ಅದು ಆ ಮಕ್ಕಳ ಆಯುಸ್ಸಿನ ಒಂದು ವರ್ಷವನ್ನು ಕದ್ದಂತೆ. ಹಾಗಾದರೆ ಒಪ್ಪಂದದಲ್ಲಿ ಬರೆದ ತರಬೇತಿಯನ್ನು ತೋರಿಸಿ ಕೇಳುವ ಹಕ್ಕು ನಿಮಗಿದೆ.

ಕಲಿಯುವ ಬಗೆಗೆ ನನ್ನ ಅನುಭವದಿಂದ ಒಂದೆರಡು ಮಾತು. ಜೇಬಿನಲ್ಲಿ ಹಿಡಿಸುವ ನೋಟುಪುಸ್ತಕವೊಂದನ್ನು ಇಟ್ಟುಕೊಂಡು ಪ್ರತಿ ಪಂಪಿನ ಬೇರಿಂಗ್ ಸಂಖ್ಯೆ, ಸೀಲಿನ ಅಳತೆ, ಬದಲಿಸಿದ ದಿನಾಂಕ ಬರೆಯುತ್ತಾ ಹೋಗಿ. ಪೊಟ್ಟಣ ತುಂಬುವ ಯಂತ್ರದಲ್ಲಿ ಬೆಸುಗೆಯ ಬಿಸಿ ಕಡಿಮೆಯಾದರೆ ಪ್ಲಾಸ್ಟಿಕ್ ಕೂಡುವುದಿಲ್ಲ, ಹೆಚ್ಚಾದರೆ ಸುಟ್ಟು ತೂತಾಗುತ್ತದೆ, ಅದರ ಮೇಲಿನ ಟೆಫ್ಲಾನ್ ಬಟ್ಟೆ ಸವೆದರೆ ಎರಡೂ ಆಗುತ್ತವೆ. ಬೆಳಗಿನ ಜಾವ ಅಂಗಡಿಯ ಕ್ರೇಟಿನಲ್ಲಿ ತೊಟ್ಟಿಕ್ಕುವ ಅರ್ಧ ಲೀಟರಿನ ಪೊಟ್ಟಣ ಕಂಡರೆ ಇವುಗಳಲ್ಲಿ ಯಾವುದು ಕಾರಣವೆಂದು ಮನಸ್ಸಿನಲ್ಲಿಯೇ ಹುಡುಕಿ ನೋಡಿ. ಹಿರಿಯರು ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಆಲಿಸುವಾಗ ಪಕ್ಕದಲ್ಲಿ ನಿಲ್ಲಿ, ನಿಮಗೂ ಆಲಿಸಲು ಕೊಡಿ ಎಂದು ಕೇಳಿ. ಚೆನ್ನಾಗಿರುವ ಬೇರಿಂಗಿನ ಸದ್ದನ್ನು ನೂರು ಸಲ ಕೇಳಿದ್ದರೆ ಕೆಟ್ಟದ್ದರ ಸದ್ದು ಮೊದಲ ಸಲಕ್ಕೇ ತಿಳಿಯುತ್ತದೆ.

ನನ್ನ ಆ ಮೊದಲ ವರ್ಷದ ನೋಟುಪುಸ್ತಕ ಇನ್ನೂ ಮನೆಯಲ್ಲಿದೆ. ಅದರ ಎರಡನೆಯ ತಿಂಗಳಿನ ಪುಟದಲ್ಲಿ, ಪಂಪಿನ ಸಂಖ್ಯೆಯ ಪಕ್ಕ, ನಟ್ಟು ಆರು, ತಾಳೆಯಾಗಿದೆ ಎಂದು ಬರೆದು, ಕೆಳಗೆ ಹಿರಿಯರ ಸಹಿ ಹಾಕಿಸಿಕೊಂಡಿದ್ದೇನೆ. ನಮಸ್ಕಾರ.